ಹಬ್ಬದೂಟದ ಪಾಟೀಸವಾಲು

ನೆಂಟರ ಮನೆಯ ಹಬ್ಬದೂಟ ಮುಗಿಸಿ ಈಗಷ್ಟೇ ಮುಂಬೈ ಪಕ್ಕದ ಡೊಂಬಿವಲಿಗೆ ವಾಪಸ್ ಬಂದೆವು. ಮೈಯೆಲ್ಲ ಉರಿಯುತ್ತಿದೆ. ಬೆಳಗ್ಗೆ ದೀಪಾವಳಿ ಸ್ನಾನಕ್ಕೆ ಹಚ್ಚಿಕೊಂಡ ಸುಗಂಧದ ಪುಡಿ, ಉಟಣೆಯಿಂದಲ್ಲ.

ಹೋಳಿಗೆ ಬಡಿಸುವ ಹೊತ್ತಿಗೆ, ಸಾಲಾಗಿ ಕೂತ ಅಷ್ಟೂ ಜನರ ಎದುರು ದೊಡ್ಡವರೊಬ್ಬರು ಮಗಳನ್ನು ಕೇಳಿದರು, "ಈ ಅಪ್ಪ ಇಷ್ಟನಾ, ಪುಣೆ ಅಪ್ಪ ಇಷ್ಟನಾ?" ಒಂಬತ್ತು ವರ್ಷದ ಹುಡುಗಿ. ಹೋಳಿಗೆಯ ಅಂಚು ಮುರಿದು ಮುರಿದು ಪುಡಿ ಮಾಡುತ್ತಾ ಕೂತಳು. ತುಪ್ಪ ಎಲೆ ದಾಟಿ ನೆಲಕ್ಕೆ ಹರಿಯಿತು, ನೋಡಲೇ ಇಲ್ಲ. ಉತ್ತರ ಬರಲಿಲ್ಲ ಅಂತ ಇನ್ನೊಬ್ಬರು ಶುರು ಮಾಡಿದರು, "ಹಬ್ಬದ ದಿನ ಮುಖ ಹೀಗೆ ಇಟ್ಕೋಬಾರದು ಪುಟ್ಟಿ, ಎಲ್ಲಿ, ನಗು ನೋಡೋಣ."

ನಮ್ಮ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಗೊತ್ತಿಲ್ಲದವರಿಗೆ ಒಂದೇ ಸಾಲು: ನಾನು ಅವಳ ಮಲತಂದೆ, ಹೆತ್ತ ಅಪ್ಪ ಇರುವುದು ಪುಣೆಯಲ್ಲಿ. ದೀಪಾವಳಿ ರಜೆಯಲ್ಲಿ ಅರ್ಧ ನಮ್ಮ ಹತ್ತಿರ, ಅರ್ಧ ಅವಳಪ್ಪನ ಹತ್ತಿರ. ಕೋರ್ಟಿನಲ್ಲಿ ಅವಳ ಅಪ್ಪ ಅಮ್ಮ ಇಬ್ಬರೂ ಒಪ್ಪಿ ಸಹಿ ಹಾಕಿದ್ದು. ದೊಡ್ಡವರಿಗೆ ಅದು ಸರಿಯಾದ ಲೆಕ್ಕ. ಅವಳಿಗೆ? ಬಿಲ್ಡಿಂಗ್ ಮಕ್ಕಳೆಲ್ಲ ಸೇರಿ ಕೆಳಗೆ ಮಣ್ಣಿನ ಕಿಲ್ಲಾ ಕಟ್ಟಿದ್ದಾರೆ. (ಊರಲ್ಲಿರುವ ಗೆಳೆಯರಿಗೆ: ಇಲ್ಲಿ ದೀಪಾವಳಿ ಬಂತೆಂದರೆ ಮಕ್ಕಳು ಶಿವಾಜಿಯ ಕೋಟೆ ಕಟ್ಟಬೇಕು, ಪಟಾಕಿ ಆಮೇಲೆ.) ಗೋಣಿಚೀಲದ ಮೇಲೆ ಕೆಂಪು ಮಣ್ಣು ಮೆತ್ತಿ, ಸಾಸಿವೆ ಬಿತ್ತಿ, ತುದಿಯಲ್ಲಿ ಶಿವಾಜಿಯನ್ನು ಕೂರಿಸಿದ್ದು ಇವಳೇ. ಸಾಸಿವೆ ಮೊಳೆತು ಗುಡ್ಡ ಹಸಿರಾಗುವ ಹೊತ್ತಿಗೆ ಇವಳು ಪುಣೆಯಲ್ಲಿರುತ್ತಾಳೆ. ಅಲ್ಲಿನ ಕಿಲ್ಲಾ ಇವಳು ಹೋಗುವುದರೊಳಗೆ ಕಟ್ಟಿ ಮುಗಿದಿರುತ್ತದೆ. ಮುಖ ಸಪ್ಪಗಾಗದೆ ಇನ್ನೇನಾಗಬೇಕು ಸ್ವಾಮಿ?

ಫ್ಯಾಮಿಲಿ ಕೋರ್ಟ್ ಕೂಡ ಮಗುವನ್ನು ಹೀಗೆ ಕೇಳುವುದಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇದೆಯಲ್ಲ, ತಿಳಿದು ಹೇಳುವಷ್ಟು ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನು ಕೋರ್ಟ್ ಗಮನಿಸಬಹುದು ಅನ್ನುತ್ತದೆ. ಗಮನಿಸಬಹುದು, ಅಷ್ಟೆ. ಆ ಮಾತುಕತೆ ಸಾಮಾನ್ಯವಾಗಿ ಜಡ್ಜ್ ಕೋಣೆಯೊಳಗೆ, ಅಪ್ಪ ಅಮ್ಮ ಇಬ್ಬರನ್ನೂ ಹೊರಗೆ ಕೂರಿಸಿ ನಡೆಯುತ್ತದೆ. ನಮ್ಮವರಿಗೆ ಕೋಸಂಬರಿಗೂ ಹೋಳಿಗೆಗೂ ಮಧ್ಯೆ ತೀರ್ಪು ಬೇಕು.

"ಅಯ್ಯೋ, ಎಲ್ಲ ಮಕ್ಕಳನ್ನೂ ಕೇಳ್ತೀವಪ್ಪ, ಪ್ರೀತಿಗೆ ಕೇಳಿದ್ದು" ಅಂತೀರಿ. ಸರಿ. ನಿಮ್ಮ ಮೊಮ್ಮಗ ಅಮ್ಮ ಇಷ್ಟ ಅಂದರೆ ಅವನಪ್ಪ ನಕ್ಕು ಕೆನ್ನೆ ಹಿಂಡುತ್ತಾನೆ, ರಾತ್ರಿ ಮೂವರೂ ಒಂದೇ ಮನೆಯಲ್ಲಿ ಮಲಗುತ್ತಾರೆ. ನಮ್ಮವಳ ಉತ್ತರ ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಪುಣೆ ತಲುಪುತ್ತದೆ, ಉಪ್ಪು ಖಾರ ಹಚ್ಚಿಕೊಂಡು. ಅದು ಅವಳಿಗೂ ಗೊತ್ತು. ಪ್ರೀತಿಗೇ ಕೇಳುವುದಾದರೆ ಮುಂದಿನ ಸಲ ನಾನೂ ಪ್ರೀತಿಗೇ ಕೇಳುತ್ತೇನೆ, ಊಟದ ನಡುವೆ, ಗಟ್ಟಿಯಾಗಿ: ನಿಮಗೆ ದೊಡ್ಡ ಸೊಸೆ ಇಷ್ಟನಾ, ಚಿಕ್ಕ ಸೊಸೆ ಇಷ್ಟನಾ?

ಇನ್ನೊಂದು. 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆಯಲ್ಲಿ, ಸಹಜ ಪೋಷಕರು ಯಾರು ಅನ್ನುವ ಕಡೆ, ಮಲತಂದೆ ಮಲತಾಯಿ ಇದರಲ್ಲಿ ಸೇರುವುದಿಲ್ಲ ಅಂತ ಸ್ಪಷ್ಟವಾಗಿಯೇ ಬರೆದಿದ್ದಾರೆ. ಕಾನೂನಿಗೇ ನನ್ನನ್ನು ಅಪ್ಪ ಮಾಡುವ ಅವಸರವಿಲ್ಲ, ನಿಮಗ್ಯಾಕೆ? ಅವಳು ನನ್ನನ್ನು ಹೆಸರು ಹಿಡಿದೇ ಕರೆಯುತ್ತಾಳೆ, ಅದೇನು ಸಣ್ಣ ವಿಷಯವಾ. ಪುಣೆಯಿಂದ ವಿಡಿಯೋ ಕಾಲ್ ಬಂದು "ಪಪ್ಪಾ" ಅಂತ ಕಿರುಚಿಕೊಂಡು ಬಾಲ್ಕನಿಗೆ ಓಡುತ್ತಾಳಲ್ಲ, ಆಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ಹೌದು, ಆಗುತ್ತದೆ. ಆದರೆ ಅದು ನನ್ನ ಹೊಟ್ಟೆ. ಅದನ್ನು ತಣ್ಣಗೆ ಮಾಡುವುದು ಅವಳ ಕೆಲಸವಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ.

ಪಾಡ್ಯದ ದಿನ ಅವಳಪ್ಪ ಬಂದು ಕರೆದುಕೊಂಡು ಹೋಗುತ್ತಾರೆ. ಭಾವುಬೀಜಕ್ಕೆ ಅಲ್ಲಿರುವ ಪುಟ್ಟ ತಮ್ಮನಿಗೆ ಆರತಿ ಎತ್ತಬೇಕಂತೆ. ಅವನಿಗಿನ್ನೂ ಹಲ್ಲೇ ಪೂರ್ತಿ ಬಂದಿಲ್ಲ, ಆದರೂ ಚಕ್ಕುಲಿ ಡಬ್ಬಿ ಅವನ ಹೆಸರಲ್ಲೇ ಕಟ್ಟಿಸಿಕೊಂಡಿದ್ದಾಳೆ. "ಸ್ವಂತ ತಮ್ಮನಾ?" ಅಂತ ಕೇಳುವವರಿದ್ದರೆ ಈಗಲೇ ಕೇಳಿಬಿಡಿ, ಒಟ್ಟಿಗೇ ಅನ್‌ಫ್ರೆಂಡ್ ಮಾಡಿ ಮಲಗುತ್ತೇನೆ.