ಕೂದಲು ಕಾಣುವ ಆಟ

ಉಸೇನ್ ಬೋಲ್ಟ್‌ಗೆ ಜೀವನದಲ್ಲಿ ಇನ್ನೇನು ಬೇಕಿತ್ತು ಹೇಳಿ. 2009ರಲ್ಲಿ ಬರ್ಲಿನ್‌ನಲ್ಲಿ ನೂರು ಮೀಟರನ್ನು 9.58 ಸೆಕೆಂಡಿಗೆ ಓಡಿ ಮುಗಿಸಿದ. ಮನೆಯಲ್ಲಿ ಎಂಟು ಒಲಿಂಪಿಕ್ ಚಿನ್ನ. ಭೂಮಿ ಮೇಲೆ ಇವನಿಗಿಂತ ಜೋರಾಗಿ ಓಡಿದವರಿಲ್ಲ ಅಂತ ಸಾಬೀತಾದ ಮೇಲೆ ಈ ಪುಣ್ಯಾತ್ಮ ಏನು ಮಾಡಿದ ಗೊತ್ತಾ? 2018ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ, ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್ ಅನ್ನೋ ಫುಟ್ಬಾಲ್ ಕ್ಲಬ್ಬಿನಲ್ಲಿ ಟ್ರಯಲ್‌ಗೆ ನಿಂತ. ಒಂದು ಸ್ನೇಹಪಂದ್ಯದಲ್ಲಿ ಎರಡು ಗೋಲನ್ನೂ ಹೊಡೆದ. ಆದರೆ ಮಾತುಕತೆ ಕುದುರಲಿಲ್ಲ. ವರ್ಷ ಮುಗಿಯುವುದರೊಳಗೆ ಅಲ್ಲಿಂದ ಹೊರಟ.

ಫುಟ್ಬಾಲ್ ಸ್ಟಾರ್ ಒಬ್ಬ ನಿವೃತ್ತಿಯಾದ ಮೇಲೆ ‘ನೂರು ಮೀಟರ್ ಓಡಿ ಹೆಸರು ಮಾಡ್ತೀನಿ’ ಅಂತ ಹೊರಟಿದ್ದನ್ನು ನಾನಂತೂ ಕೇಳಿಲ್ಲ. ಅವನಿಗೆ ಅದರ ಅಗತ್ಯವೇ ಇಲ್ಲ. ಹೆಸರು ಆಗಲೇ ಎಲ್ಲ ಕಡೆ ಹೋಗಿರುತ್ತೆ.

ಫುಟ್ಬಾಲ್ ಆಟಗಾರರಿಗೆ ಮಾತ್ರ ಯಾಕೆ ಇಷ್ಟು ಹೆಸರು ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಅದು ಬಡವರ ಆಟ, ಒಂದು ಚೆಂಡಿದ್ದರೆ ಸಾಕು, ಎಲ್ಲ ದೇಶಗಳಲ್ಲೂ ಆಡುತ್ತಾರೆ. ಸರಿ. ಆದರೆ ಓಡುವುದಕ್ಕೆ ಆ ಚೆಂಡೂ ಬೇಡವಲ್ಲ? ದೇಶಗಳ ಲೆಕ್ಕಕ್ಕೆ ಬಂದರೆ ಫಿಫಾದಲ್ಲಿ 211 ಸದಸ್ಯರು, ವಿಶ್ವಸಂಸ್ಥೆಗಿಂತ ಜಾಸ್ತಿ. ಟೇಬಲ್ ಟೆನಿಸ್ ಒಕ್ಕೂಟದಲ್ಲಿ ಅದಕ್ಕಿಂತಲೂ ಜಾಸ್ತಿ. ಈಗ ಟೇಬಲ್ ಟೆನಿಸ್‌ನ ವಿಶ್ವ ಚಾಂಪಿಯನ್ ಯಾರು, ಥಟ್ಟಂತ ಹೇಳಿ ನೋಡೋಣ.

ನನ್ನ ಉತ್ತರ ಬೇರೆ. ಅದು ಹೊಳೆದದ್ದು ನಮ್ಮ ಬೀದಿಯ ಸಲೂನಿನಲ್ಲಿ. ಕನ್ನಡಿಯ ಮೇಲ್ಗಡೆ ಒಂದು ಪೋಸ್ಟರ್ ಇದೆ. ಎಣ್ಣೆಯೋ ಹೊಗೆಯೋ ಕೂತು ಹಳದಿಯಾಗಿದೆ. ಅದರ ತುಂಬ ಬರೀ ತಲೆಗಳು. ಅರ್ಧದಷ್ಟು ಸಿನಿಮಾದವು, ಒಂದಷ್ಟು ಯಾರ ತಲೆಯೋ ಅವರಿಗೇ ಗೊತ್ತು, ಉಳಿದವು ಫುಟ್ಬಾಲ್ ಆಟಗಾರರವು. ಎರಡೂ ಬದಿ ನುಣ್ಣಗೆ ಬೋಳಿಸಿ ಮೇಲೆ ಮಾತ್ರ ಒಂದು ಜೊಂಪೆ ಬಿಟ್ಟ ತಲೆಯನ್ನು ತೋರಿಸಿ, ಪಕ್ಕದ ಕುರ್ಚಿಯ ಹುಡುಗ ‘ಅಣ್ಣ, ಇದು’ ಅಂದ. ಅಷ್ಟೇ. ಹೆಸರು ಹೇಳಲಿಲ್ಲ, ಕತ್ತರಿ ಹಿಡಿದವನೂ ಕೇಳಲಿಲ್ಲ. ಆ ಪೋಸ್ಟರಿನಲ್ಲಿ ಒಬ್ಬ ಈಜುಗಾರನೂ ಇಲ್ಲ.

ಇರುವುದಾದರೂ ಹೇಗೆ? ಈಜುಗಾರನ ಕೂದಲು ರಬ್ಬರ್ ಟೋಪಿಯೊಳಗೆ, ಕಣ್ಣು ಕನ್ನಡಕದೊಳಗೆ, ಮುಖ ನೀರೊಳಗೆ. ಮೈಕೆಲ್ ಫೆಲ್ಪ್ಸ್ 23 ಒಲಿಂಪಿಕ್ ಚಿನ್ನ ಗೆದ್ದ. ಅಷ್ಟು ಚಿನ್ನ ಗೆದ್ದವರು ಇನ್ನೊಬ್ಬರಿಲ್ಲ. ನಾಳೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ನಮ್ಮ ಪಕ್ಕ ಕೂತರೆ ‘ಸ್ವಲ್ಪ ಸರೀರಿ’ ಅನ್ನುತ್ತೇವೆ. ಕಾರ್ ರೇಸಿನವನು ಹೆಲ್ಮೆಟ್‌ ತೆಗೆಯುವುದು ಬಹುಮಾನ ತಗೊಳ್ಳುವಾಗ. ಕ್ರಿಕೆಟ್ ಬ್ಯಾಟ್ಸ್‌ಮನ್ ಕಂಬಿಯ ಹಿಂದೆ. ಫುಟ್ಬಾಲಿಗ ಮಾತ್ರ ತೊಂಬತ್ತು ನಿಮಿಷ ಬರಿದಲೆಯಲ್ಲಿ ಓಡಾಡುತ್ತಾನೆ. ಬೆವರು, ಸಿಟ್ಟು, ಅಳು, ಬಿದ್ದು ಹೊರಳಾಡುವ ನಾಟಕ, ಎಲ್ಲವೂ ಕ್ಯಾಮೆರಾಕ್ಕೆ ಕಾಣುತ್ತೆ. ಅವನ ಮುಖ ನಮಗೆ ಅಭ್ಯಾಸವಾಗಿಬಿಡುತ್ತೆ.

2002ರ ವಿಶ್ವಕಪ್ ನೆನಪಿದೆಯಾ? ಬ್ರೆಜಿಲ್‌ನ ರೊನಾಲ್ಡೊ ಇಡೀ ತಲೆ ಬೋಳಿಸಿ ಹಣೆಯ ಹತ್ತಿರ ಮಾತ್ರ ತ್ರಿಕೋನದ ಹಾಗೆ ಒಂದಿಷ್ಟು ಕೂದಲು ಬಿಟ್ಟಿದ್ದ. ತನ್ನ ಗಾಯದ ಬಗ್ಗೆ ಮಾತಾಡುವ ಪತ್ರಕರ್ತರು ಕೂದಲಿನ ಬಗ್ಗೆ ಮಾತಾಡಲಿ ಅಂತ ಹಾಗೆ ಮಾಡಿದ್ದು ಅಂತ ಆಮೇಲೆ ಅವನೇ ಹೇಳಿದ. ಫೈನಲ್ಲಿನಲ್ಲಿ ಜರ್ಮನಿಯ ಮೇಲೆ ಎರಡೂ ಗೋಲು ಅವನದೇ. ಮಕ್ಕಳು ಸುಮ್ನಿರುತ್ತಾರಾ? ಊರೂರಲ್ಲಿ ತ್ರಿಕೋನಗಳು ಎದ್ದವು. ಎಷ್ಟೋ ವರ್ಷ ಕಳೆದ ಮೇಲೆ ಅವನು ಎಲ್ಲ ತಾಯಂದಿರ ಕ್ಷಮೆ ಕೇಳಿದ.

ಮುಖ ಕಾಣುವುದು ಒಂದಾದರೆ, ಎಷ್ಟು ಹೊತ್ತು ಕಾಣುತ್ತೆ ಅನ್ನೋದು ಇನ್ನೊಂದು. ಬೋಲ್ಟ್ ಗೆದ್ದ ಮೂರು ಒಲಿಂಪಿಕ್ ನೂರು ಮೀಟರ್ ಫೈನಲ್ಲುಗಳು 9.69, 9.63, 9.81 ಸೆಕೆಂಡಿನವು. ಮೂರನ್ನೂ ಕೂಡಿಸಿದರೆ ಅರ್ಧ ನಿಮಿಷ ಆಗಲ್ಲ. ಅದೂ ನಾಲ್ಕು ವರ್ಷಕ್ಕೊಮ್ಮೆ. ಅರ್ಜೆಂಟೀನಾದ ಮೆಸ್ಸಿ ಬಾರ್ಸಿಲೋನಾ ಕ್ಲಬ್ ಒಂದಕ್ಕೇ ಆಡಿದ್ದು 778 ಪಂದ್ಯ. ವಾರ ವಾರ ಮನೆಗೆ ಬರುವ ನೆಂಟನಿಗೂ ನಾಲ್ಕು ವರ್ಷಕ್ಕೊಮ್ಮೆ ಬಾಗಿಲಲ್ಲೇ ನಿಂತು ಹೋಗುವವನಿಗೂ ಇರುವ ವ್ಯತ್ಯಾಸ ಇದು.

ಮುಖ ಕಾಣದ ಆಟಗಾರರ ಪಾಡಿಗೆ ವಿಶ್ವನಾಥನ್ ಆನಂದ್ ತಾವೇ ಹೇಳಿಕೊಳ್ಳುವ ಒಂದು ಕಥೆ ಸಾಕು. ಚಿಕ್ಕ ವಯಸ್ಸಿನಲ್ಲಿ ರೈಲಿನಲ್ಲಿ ಹೋಗುವಾಗ ಪಕ್ಕದ ಹಿರಿಯರು ಏನು ಕೆಲಸ ಅಂತ ಕೇಳಿದರು. ಚೆಸ್ ಆಡ್ತೀನಿ ಅಂದರು ಆನಂದ್. ಅದರಲ್ಲಿ ಹೊಟ್ಟೆ ತುಂಬಲ್ಲಪ್ಪ, ವಿಶ್ವನಾಥನ್ ಆನಂದ್ ಆಗಿದ್ದರೆ ಬೇರೆ ಮಾತು ಅಂತ ಆ ಹಿರಿಯರು ಬುದ್ಧಿ ಹೇಳಿದರಂತೆ. ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್, ಸ್ನೂಕರ್ ಎರಡೂ ಸೇರಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದವರು. ನಮ್ಮೂರ ದರ್ಶಿನಿಯಲ್ಲಿ ಟೋಕನ್ ಹಿಡಿದು ನಿಂತರೆ ಎಷ್ಟು ಜನ ತಿರುಗಿ ನೋಡುತ್ತಾರೆ? ಇದರಲ್ಲಿ ಅವರಿಗೆ ಒಂದು ಲಾಭವೂ ಇದೆ ಅನ್ನಿ. ದೋಸೆ ಬಿಸಿಯಾಗಿರುವಾಗಲೇ ತಿನ್ನಬಹುದು.

ಕ್ರಿಕೆಟ್ ಅಭಿಮಾನಿಗಳು ಈಗ ಕೊಹ್ಲಿಯನ್ನು ಎಳೆದು ತರುತ್ತಾರೆ. ತರಲಿ. 2023ರಲ್ಲಿ ಕ್ರಿಕೆಟ್ಟನ್ನು ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿಸುವಾಗ ಅಲ್ಲಿನ ಆಯೋಜಕರು ಅವನದೇ ಹೆಸರು ಹೇಳಿದರು. ಸೋಷಿಯಲ್ ಮೀಡಿಯಾದಲ್ಲಿ ಅಮೆರಿಕದ ಸ್ಟಾರ್ ಆಟಗಾರರಾದ ಲೆಬ್ರಾನ್ ಜೇಮ್ಸ್, ಟಾಮ್ ಬ್ರೇಡಿ, ಟೈಗರ್ ವುಡ್ಸ್ ಮೂವರನ್ನೂ ಕೂಡಿಸಿದರೂ ಕೊಹ್ಲಿಯ ಹಿಂಬಾಲಕರೇ ಜಾಸ್ತಿ. ಹೆಮ್ಮೆಯ ಮಾತೇ. ಆದರೆ ಇನ್‌ಸ್ಟಾಗ್ರಾಮ್‌ನಲ್ಲಿ ಪೋರ್ಚುಗಲ್‌ನ ರೊನಾಲ್ಡೊಗೆ ಕೊಹ್ಲಿಯ ಎರಡರಷ್ಟಕ್ಕಿಂತ ಹೆಚ್ಚು ಜನ. 2022ರ ವಿಶ್ವಕಪ್ಪಿನಿಂದ ಪೋರ್ಚುಗಲ್ ಹೊರಬಿದ್ದಾಗ, ನನ್ನ ಪಾಲಿಗೆ ನೀನೇ ಎಲ್ಲ ಕಾಲಕ್ಕೂ ದೊಡ್ಡವನು ಅಂತ ರೊನಾಲ್ಡೊಗೆ ಬರೆದವರಲ್ಲಿ ಕೊಹ್ಲಿಯೂ ಒಬ್ಬ.

ಅದೇ ವಿಶ್ವಕಪ್ಪಿನ ಹೊತ್ತಿಗೆ ಕೇರಳದ ಕೋಳಿಕ್ಕೋಡ್ ಹತ್ತಿರ ಪುಲ್ಲಾವೂರಿನ ಹೊಳೆಯ ಮಧ್ಯೆ ಮೆಸ್ಸಿಯ ಮೂವತ್ತು ಅಡಿ ಕಟೌಟ್ ನಿಂತಿತು. ಬ್ರೆಜಿಲ್ ಕಡೆಯವರು ಅದಕ್ಕಿಂತ ಎತ್ತರದ ನೇಮಾರನನ್ನು ನಿಲ್ಲಿಸಿದರು. ಪೋರ್ಚುಗಲ್ ಕಡೆಯವರು ಇನ್ನೂ ಎತ್ತರಕ್ಕೆ ರೊನಾಲ್ಡೊನನ್ನು ಏರಿಸಿದರು. ಕಟೌಟ್ ಅಂದರೆ ನಮಗೆ ಗೊತ್ತಿರುವುದು ಗಾಂಧಿನಗರದ ಥಿಯೇಟರ್ ಮುಂದಿನವು. ಹೊಳೆಗೆ ಇಳಿದು ನಿಲ್ಲಿಸುವ ಕೆಲಸ ನಮ್ಮವರಿಗೂ ಹೊಳೆದಿರಲಿಲ್ಲ! ಬಾಂಗ್ಲಾದೇಶದಲ್ಲಿ ಅರ್ಜೆಂಟೀನಾ ಹುಚ್ಚು ಎಷ್ಟಿತ್ತು ಅಂದರೆ, 1978ರಲ್ಲಿ ಮುಚ್ಚಿದ್ದ ಢಾಕಾ ರಾಯಭಾರ ಕಚೇರಿಯನ್ನು ಅರ್ಜೆಂಟೀನಾ 2023ರಲ್ಲಿ ಮತ್ತೆ ತೆರೆಯಿತು.

ನಮ್ಮನೆಗೆ ನೀರಿನ ಕ್ಯಾನ್ ತರುವ ಹುಡುಗನಿಗೆ ಈ ಬಣಗಳ ಗೊಡವೆಯೇ ಇಲ್ಲ. ಅವನ ಜರ್ಸಿ ಬ್ರೆಜಿಲ್‌ನ ಹಳದಿ ಬಣ್ಣದ್ದು, ಬೆನ್ನ ಮೇಲೆ ‘ಮೆಸ್ಸಿ 10’ ಅಂತಿದೆ. ಅರ್ಜೆಂಟೀನಾದವರು ಯಾರಾದರೂ ನೋಡಿದರೆ ಎದೆ ಹಿಡಿದುಕೊಂಡು ಕೂರುತ್ತಾರೆ. ‘ಮ್ಯಾಚ್ ನೋಡ್ತೀಯಾ?’ ಅಂತ ಕೇಳಿದೆ. ‘ಇಲ್ಲ ಸಾರ್, ರಾತ್ರಿ ಬರ್ತವಲ್ಲ, ನಿದ್ದೆ ಬರುತ್ತೆ’ ಅಂದ. ‘ಮತ್ತೆ ಇದು?’ ‘ಮೆಸ್ಸಿ ಅಲ್ವಾ ಸಾರ್!’ ಅಂದು ಖಾಲಿ ಕ್ಯಾನ್ ಎತ್ತಿಕೊಂಡು ಹೋದ.

ಆಟ ನೋಡದೆಯೂ ಆಟಗಾರ ಬೇಕು ಅನ್ನೋ ಈ ಪ್ರೀತಿ ಎಲ್ಲಿಗೆ ಹೋಗಿ ಮುಟ್ಟಿತು ಅನ್ನೋದನ್ನು ಕೋಲ್ಕತ್ತದಲ್ಲೇ ನೋಡಬಹುದು. 1977ರ ಸೆಪ್ಟೆಂಬರ್‌ನಲ್ಲಿ ಪೆಲೆ ಬಂದಾಗ ಮಳೆಯಲ್ಲಿ ನೆಂದ ಈಡನ್ ಗಾರ್ಡನ್ಸ್‌ನಲ್ಲಿ ಅಲ್ಲಿನ ಮೋಹನ್ ಬಗಾನ್ ಕ್ಲಬ್ ವಿರುದ್ಧ ನ್ಯೂಯಾರ್ಕಿನ ಕಾಸ್ಮಾಸ್ ಕ್ಲಬ್ ಪರವಾಗಿ ಆಡಿದ. 2–2 ಡ್ರಾ. 2011ರಲ್ಲಿ ಮೆಸ್ಸಿ ಬಂದಾಗ ಅರ್ಜೆಂಟೀನಾ ನಾಯಕನಾಗಿ ಸಾಲ್ಟ್ ಲೇಕ್ ಸ್ಟೇಡಿಯಮ್ಮಿನಲ್ಲಿ ವೆನೆಜುವೆಲಾ ಮೇಲೆ ಆಡಿ 1–0 ಗೆದ್ದ. 2025ರ ಡಿಸೆಂಬರ್‌ನಲ್ಲಿ ಅದೇ ಮೈದಾನಕ್ಕೆ ಮತ್ತೆ ಬಂದ. ಈ ಸಲ ಬಂದದ್ದು ಆಡುವುದಕ್ಕಲ್ಲ, ಕೈ ಬೀಸುವುದಕ್ಕೆ. ಸುತ್ತ ಗಣ್ಯರು ಜೇನುನೊಣದ ಹಾಗೆ ಮುತ್ತಿದರು. ದುಡ್ಡು ಕೊಟ್ಟು ಗ್ಯಾಲರಿಯಲ್ಲಿ ಕೂತವರಿಗೆ ಕಂಡದ್ದು ಗಣ್ಯರ ಬೆನ್ನು. ಸ್ವಲ್ಪ ಹೊತ್ತಿಗೆ ಅವನು ಹೊರಟೇಹೋದ. ಜನ ಕುರ್ಚಿ ಕಿತ್ತು ಎಸೆದರು. ಮುಖ ನೋಡಲು ಬಂದವರಿಗೆ ಮುಖ ಕಾಣದಿದ್ದರೆ ಸಿಟ್ಟು ಬರುತ್ತೆ, ಆದರೆ ಕುರ್ಚಿ ಏನು ಪಾಪ ಮಾಡಿತ್ತು?

ಇಷ್ಟಾದರೂ ನನ್ನ ಕೂದಲಿನ ಸಿದ್ಧಾಂತದಲ್ಲಿ ತೂತು ಬೇಕಾದಷ್ಟಿವೆ. ಬ್ರೆಜಿಲ್‌ನ ಫುಟ್ಬಾಲ್ ಆಟಗಾರ್ತಿ ಮಾರ್ತಾಳ ಕೂದಲೂ ಕಾಣುತ್ತೆ, ಮುಖವೂ ಕಾಣುತ್ತೆ. 2019ರಲ್ಲಿ ಇಟಲಿ ವಿರುದ್ಧ ವಿಶ್ವಕಪ್ಪಿನ ತನ್ನ 17ನೇ ಗೋಲು ಹೊಡೆದು, ಆಗ ಗಂಡಸರ ದಾಖಲೆಯಾಗಿದ್ದ ಜರ್ಮನಿಯ ಮಿರೊಸ್ಲಾವ್ ಕ್ಲೋಸೆಯ 16 ಗೋಲುಗಳನ್ನು ಆಕೆ ದಾಟಿದಳು. ಅದೇ ಚೆಂಡು, ಅದೇ ಹಳದಿ ಜರ್ಸಿ, ಅದೇ ಹತ್ತನೇ ನಂಬರು. ಅವಳ ಹೆಸರಿನ ಜರ್ಸಿ ನಮ್ಮೂರ ಫುಟ್‌ಪಾತ್ ರಾಶಿಯಲ್ಲಿ ಇಲ್ಲ. ಸುನಿಲ್ ಛೆಟ್ರಿ 2024ರಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದಾಗ 94 ಅಂತರರಾಷ್ಟ್ರೀಯ ಗೋಲು ಹೊಡೆದಿದ್ದ. ಆಗ ಆಡುತ್ತಿದ್ದವರಲ್ಲಿ ಅವನ ಮುಂದೆ ಇದ್ದದ್ದು ರೊನಾಲ್ಡೊ ಮತ್ತು ಮೆಸ್ಸಿ, ಇಬ್ಬರೇ. ಅಂಥವನು 2018ರಲ್ಲಿ ವಿಡಿಯೋ ಮಾಡಿ, ಬೈಯುವುದಿದ್ದರೂ ಪರವಾಗಿಲ್ಲ, ಸ್ಟೇಡಿಯಮ್ಮಿಗೆ ಬಂದು ಬೈಯಿರಿ ಅಂತ ಬೇಡಿಕೊಳ್ಳಬೇಕಾಯಿತು.

ಹಲಸೂರಿನ ಪಕ್ಕದ ಗೌತಮಪುರದಲ್ಲಿ ಫುಟ್ಬಾಲ್ ಅಂದರೆ ಪ್ರಾಣ. ಅಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ಪೆಲೆಯ ಪ್ರತಿಮೆಯೂ ಇದೆ. ನನಗೆ ಅದು ಇಷ್ಟ. ಅಲ್ಲಿಗೆ ಹೋದಾಗಲೆಲ್ಲ ನೆನಪಾಗುವುದು ಮಾತ್ರ ಸಾರಂಗಪಾಣಿ ರಾಮನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2–1ರಿಂದ ಸೋತಿತು. ಆ ಒಂದು ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಈ ರಾಮನ್, ಒಲಿಂಪಿಕ್ ಫುಟ್ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ಪೆಲೆಯ ಪಕ್ಕ ಒಂದಿಷ್ಟು ಜಾಗ ಇದ್ದರೆ ಅವರನ್ನೂ ನಿಲ್ಲಿಸಬಹುದು. ಖರ್ಚೂ ಕಮ್ಮಿ. ಆ ತಂಡದಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ, ಬೂಟು ಕೆತ್ತುವ ಕೂಲಿ ಉಳಿದರೂ ಉಳಿಯಬಹುದು.