ಕೆಪ್ಪ ಜೋಗಕ್ಕೆ ಸ್ಪೀಕರ್ ಹೊತ್ತವರು

ಕೆಪ್ಪ ಜೋಗದ ಎದುರು ಬ್ಲೂಟೂತ್ ಸ್ಪೀಕರ್ ಹಚ್ಚಿ ಕುಣಿಯುತ್ತಿದ್ದವರನ್ನು ನೋಡಿ ಬಂದು ನಾಲ್ಕು ದಿನವಾಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಉಂಚಳ್ಳಿ ಜಲಪಾತವನ್ನು ನಮ್ಮ ಕಡೆ ಕೆಪ್ಪ ಜೋಗ ಎನ್ನುತ್ತಾರೆ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಿಂದ ಐದು ಕಿಲೋಮೀಟರ್ ಆಚೆ, ಕಾಡಿನ ನಡುವೆ, ಅಘನಾಶಿನಿ ಹೊಳೆ 116 ಮೀಟರ್ ಕೆಳಗಿನ ಕಮರಿಗೆ ಧುಮುಕುವ ಜಾಗ ಅದು. ಎದುರು ನಿಂತವರಿಗೆ ಬೇರೇನೂ ಕೇಳಿಸುವುದಿಲ್ಲ, ಅದಕ್ಕೆ ಆ ಹೆಸರು. ಪುಸ್ತಕಗಳಲ್ಲಿ ಇನ್ನೊಂದು ಹೆಸರೂ ಇದೆ: ಲಷಿಂಗ್ಟನ್ ಫಾಲ್ಸ್. ಆ ಹೆಸರಿನ ಬ್ರಿಟಿಷ್ ಕಲೆಕ್ಟರ್ 1845ರಲ್ಲಿ ಇದನ್ನು ಪತ್ತೆ ಹಚ್ಚಿದನಂತೆ. ಕಳೆದುಹೋಗಿದ್ದರೆ ತಾನೇ ಪತ್ತೆ ಹಚ್ಚುವುದು? ಸಾಹೇಬ ನೋಡಿದ, ತನ್ನ ಹೆಸರಿಟ್ಟು ಹೋದ. ಊರಿನವರು ಕೇಳಿಸಿಕೊಂಡು ಹೆಸರಿಟ್ಟಿದ್ದರು. ನನಗೆ ಊರಿನವರ ಹೆಸರೇ ಸರಿ ಎನಿಸುತ್ತದೆ.

ಅಮ್ಮನ ತವರುಮನೆ ಅಲ್ಲಿಗೆ ಮೂರು ಮೈಲಿ. ಈ ಸಲ ಆಷಾಢದಲ್ಲಿ ಕಚೇರಿಯ ಇಬ್ಬರು ಗೆಳೆಯರನ್ನು ಕರೆದುಕೊಂಡು ಹೋಗಿದ್ದೆ. ಸೋದರಮಾವ ನಮ್ಮನ್ನು ನೋಡಿದ ಕೂಡಲೇ ಬೈದರು. "ಆಷಾಢದಲ್ಲಿ ಯಾರಾದರೂ ಜೋಗ ನೋಡಲು ಬರುತ್ತಾರೇನೋ ತಮ್ಮಾ? ಬರೀ ಮಂಜು. ದೀಪಾವಳಿಗೆ ಬರಬೇಕಿತ್ತು." ಅವರಿಗೆ ನಮ್ಮ ಜೊತೆ ಬರಲು ಪುರುಸೊತ್ತೂ ಇರಲಿಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಮರ ಹತ್ತಿ ಅದನ್ನು ಹೊಡೆಯುವ ಕೊನೆಗೌಡ ಬಂದು ಜಗಲಿಯಲ್ಲಿ ಕುಳಿತಿದ್ದ. ಮಳೆ ಹೊಳವಾಗುವುದನ್ನೇ ಇಬ್ಬರೂ ಕಾಯುತ್ತಿದ್ದರು.

ಜಲಪಾತದ ಹತ್ತಿರದವರೆಗೆ ವಾಹನ ಹೋಗುತ್ತದೆ. ನಾವು ಅದನ್ನು ಬಿಟ್ಟು ಮಾವ ತೋರಿಸಿದ ಕಾಲುದಾರಿ ಹಿಡಿದೆವು. ತೋಟದ ಕೆಳಗಿನ ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿದ ಸಂಕ. ಅದನ್ನು ದಾಟಿದರೆ ಸೊಪ್ಪಿನ ಬೆಟ್ಟ, ಬೆಟ್ಟ ಮುಗಿದರೆ ಕಾನು, ಅಂದರೆ ದಟ್ಟ ಕಾಡು. ಕಾನಿನೊಳಗೆ ಬೆಳಿಗ್ಗೆ ಹತ್ತು ಗಂಟೆಗೇ ಮುಸ್ಸಂಜೆಯ ಬೆಳಕು. ಕಾಲುಚೀಲಕ್ಕೆ ಸುಣ್ಣ ಬಳಿದುಕೊಂಡಿದ್ದರೂ ರಕ್ತ ಹೀರುವ ಉಂಬಳಗಳು ಬಿಡಲಿಲ್ಲ. ಗೆಳೆಯನೊಬ್ಬ ಹತ್ತು ಹೆಜ್ಜೆಗೊಮ್ಮೆ ನಿಂತು ಪ್ಯಾಂಟು ಮಡಚಿ ಎಣಿಸುತ್ತಿದ್ದ. ಹದಿನೇಳರ ನಂತರ ಎಣಿಕೆ ಬಿಟ್ಟ.

ಆ ದಾರಿಯಲ್ಲಿ ಕಣ್ಣಿಗೆ ಕೆಲಸ ಕಡಿಮೆ. ಉಪ್ಪಾಗೆ ಮರದ ತುದಿಯಲ್ಲಿ ಏನೋ ಅಲುಗಿತು. ಸಿಂಹಬಾಲದ ಕೋತಿ, ಸಿಂಗಳೀಕವೇ ಇರಬೇಕು, ಅದಕ್ಕೆ ಆ ಹಣ್ಣು ಬಲು ಇಷ್ಟ. ಕಾಣಿಸಲಿಲ್ಲ. ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ, ಕೊಂಬೆಯಿಂದ ಕೊಂಬೆಗೆ ಹಾದು ಬದುಕುವ ಜೀವ. ಅದಕ್ಕಾಗಿಯೇ 2011ರಲ್ಲಿ ಇಲ್ಲಿನ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. 2019ರಲ್ಲಿ ಅದು ಶರಾವತಿ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ಇನ್ನೊಂದು ಕಡೆ ತಲೆಯ ಮೇಲೆ ಯಾರೋ ದೊಡ್ಡ ಬೀಸಣಿಗೆ ಬೀಸಿದಂತೆ ಬುಸ್ ಬುಸ್ ಎಂದಿತು. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು. ಮೇಲೆ ನೋಡುವಷ್ಟರಲ್ಲಿ ಹಾರಿ ಹೋಗಿತ್ತು.

ಅರ್ಧ ದಾರಿಯಲ್ಲಿ ಒಂದು ಸದ್ದು ಶುರುವಾಯಿತು. ಮೊದಲು ಗಾಳಿ ಎಂದುಕೊಂಡೆ, ಎಲೆ ಅಲುಗುತ್ತಿರಲಿಲ್ಲ. ಹಿಂದಿನಿಂದ ಮಳೆ ಬರುತ್ತಿದೆ ಎಂದು ಕೊಡೆ ಬಿಚ್ಚಿದೆ, ಮಳೆ ಬರಲಿಲ್ಲ. ಗುಡ್ಡದ ಒಂದು ತಿರುವಿನಲ್ಲಿ ಸದ್ದು ಬಾಗಿಲು ಹಾಕಿದಂತೆ ನಿಂತೇ ಹೋಯಿತು. ಜೀರುಂಡೆಗಳಷ್ಟೇ ಉಳಿದವು. ಮುಂದಿನ ತಿರುವು ದಾಟಿದಾಗ ಮತ್ತೆ ಬಂತು. ಈ ಸಲ ಕಿವಿಗಿಂತ ಮೊದಲು ಎದೆಗೆ ತಾಗಿತು.

ಮೆಟ್ಟಿಲಿಳಿದು ಕಟಾಂಜನದ ಬಳಿ ಹೋದರೆ ಮಾವ ಹೇಳಿದ್ದೇ ನಿಜ. ಎದುರಿಗೆ ಬಿಳಿ ಗೋಡೆ. ಕಮರಿಯೂ ಇಲ್ಲ, ನೀರೂ ಇಲ್ಲ. ಗೆಳೆಯನ ಕಿವಿಗೆ ಬಾಯಿಟ್ಟು ಕೂಗಿದರೂ ಅವನು "ಏನು?" ಎನ್ನುತ್ತಿದ್ದ. ಕನ್ನಡಕ ಒರೆಸಿಕೊಂಡಷ್ಟೂ ತೊಯ್ಯುತ್ತಿತ್ತು. ಒಮ್ಮೆ ಮಾತ್ರ, ಅರ್ಧ ನಿಮಿಷವಿದ್ದೀತು, ಮಂಜು ಹರಿದು ಕೆಂಬಣ್ಣ ಬೆರೆತ ನೀರು ಕಂಡಿತು. ಕೆಳಗಿಳಿಯುವ ಸಾಹಸ ಮಾಡಲಿಲ್ಲ. ಮಳೆಗಾಲದಲ್ಲಿ ಯಾರೂ ಮಾಡಬಾರದು.

ಅಷ್ಟರಲ್ಲಿ ಅವರು ಬಂದರು, ಏಳೆಂಟು ಜನ. ಒಬ್ಬನ ಚೀಲಕ್ಕೆ ಉಕ್ಕಿನ ಲೋಟದಷ್ಟು ದಪ್ಪದ ಸ್ಪೀಕರ್ ನೇತಾಡುತ್ತಿತ್ತು. ಜೋಗದ ಸದ್ದಿನಲ್ಲಿ ಅದು ಕೇಳಿಸಲಿಲ್ಲ ಎಂದು ಅದನ್ನು ಬಿಚ್ಚಿ ತಮ್ಮ ತಮ್ಮ ಕಿವಿಯ ಹತ್ತಿರ ಹಿಡಿದುಕೊಂಡರು! ನಂತರ "ಏನೂ ಕಾಣುವುದಿಲ್ಲ, ಬಂದದ್ದು ದಂಡ" ಎಂದುಕೊಳ್ಳುತ್ತಾ ಮೆಟ್ಟಿಲು ಹತ್ತಿದರು. ಅಲ್ಲಿದ್ದದ್ದು ಹತ್ತು ನಿಮಿಷ.

ಹಾಗೆಂದು ಮೆಟ್ಟಿಲು, ಕಟಾಂಜನ ಬೇಡ ಎನ್ನುವವನು ನಾನಲ್ಲ. ನನ್ನ ಅಮ್ಮ ಮೂರು ಮೈಲಿ ದೂರದಲ್ಲಿ ಹುಟ್ಟಿ ಬೆಳೆದರೂ ಈ ಜೋಗವನ್ನು ಮೊದಲ ಸಲ ನೋಡಿದ್ದು ಅರವತ್ತು ದಾಟಿದ ಮೇಲೆ, ಮೆಟ್ಟಿಲಾದ ನಂತರ. ಹೆಣ್ಣುಮಕ್ಕಳನ್ನು ಕಾನಿನಲ್ಲಿ ಅಷ್ಟು ದೂರ ಯಾರು ಕಳುಹಿಸುತ್ತಿದ್ದರು? ಆ ದಿನ ಅವಳು ಕಟಾಂಜನ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು "ಹೌದು, ಇದೇ" ಎಂದಳು. ಮಳೆಗಾಲದ ರಾತ್ರಿಗಳಲ್ಲಿ ಹಾಸಿಗೆಯಲ್ಲಿ ಮಲಗಿ ಹದಿನೆಂಟು ವರ್ಷ ಕೇಳಿದ ಸದ್ದು ಅದು.

ಇತ್ತ ಸಿದ್ದಾಪುರದ ಇನ್ನೊಂದು ಮಗ್ಗುಲಿಗೆ ದೊಡ್ಡ ಜೋಗವೇ ಇದೆ. ಅಲ್ಲಿನ ಒಂದು ಕವಲಿಗೆ ರೋರರ್, ಅಂದರೆ ಗರ್ಜಿಸುವವನು, ಎಂದೇ ಹೆಸರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅವನ ಗರ್ಜನೆ ಗೇಟಿನ ಲೆಕ್ಕಕ್ಕೆ ಬಿತ್ತು. "ಜೋಗಕ್ಕೆ ನೀರು ಬಿಟ್ಟಿದ್ದಾರಾ?" ಎಂದು ವಿಚಾರಿಸಿಕೊಂಡೇ ಜನ ಹೊರಡುತ್ತಾರೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯ ಕಡೆ ಹುಟ್ಟಿ ಕುಮಟಾ ಬಳಿ ಕಡಲು ಸೇರುವವರೆಗೆ ಅದು ತನ್ನ ಮನಸ್ಸಿಗೆ ಬಂದಂತೆ ಹರಿಯುತ್ತದೆ. ಅದರ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂಬ ಮಾನ್ಯತೆಯೂ ಸಿಕ್ಕಿತು. ಯಾರೂ ಬಿಡದೆಯೇ ಬೀಳುವ ನೀರಿನ ಸದ್ದು ಕೇಳುವ ಭಾಗ್ಯ ಇಷ್ಟು ದೊಡ್ಡ ಹೊಳೆಗಳಲ್ಲಿ ಇನ್ನೆಷ್ಟು ಕಡೆ ಉಳಿದಿದೆ? ಅಂಥಲ್ಲಿಗೆ ಬರುವವರ ಚೀಲದಲ್ಲಿ ಪ್ಲಾಸ್ಟಿಕ್ ಹುಡುಕುವ ಹಾಗೆ ಸ್ಪೀಕರ್ ಅನ್ನೂ ಹುಡುಕಿ ತೆಗೆದಿಟ್ಟುಕೊಳ್ಳಬೇಕು, ಹೋಗುವಾಗ ವಾಪಸ್ ಕೊಟ್ಟರಾಯಿತು. ಎಲ್ಲ ಕಡೆ 'ವ್ಯೂ ಪಾಯಿಂಟ್' ಎಂದು ಬೋರ್ಡು ಹಾಕುವ ನಮಗೆ ಕಿವಿಗೆಂದೇ ಒಂದು ಕಲ್ಲುಬೆಂಚು ಹಾಕಬೇಕೆಂದು ಇದುವರೆಗೆ ಹೊಳೆದಿಲ್ಲ.

ಮನೆಗೆ ಮರಳುವಾಗ ಕತ್ತಲಾಗಿತ್ತು. ಬಿಸಿನೀರು ಸ್ನಾನ, ಊಟಕ್ಕೆ ಅಪ್ಪೆಹುಳಿ. ಗೆಳೆಯನ ಸೊಂಟದಲ್ಲಿ ಹದಿನೆಂಟನೆಯ ಉಂಬಳ ಸಿಕ್ಕಿತು. ಊಟವಾದ ಮೇಲೆ ಮಳೆ ಸ್ವಲ್ಪ ತಡೆಯಿತು. ಮಾವ ಕವಳ ಹಾಕಿಕೊಂಡು ಜಗಲಿಯ ತುದಿಗೆ ಬಂದು ಕತ್ತಲೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತರು. ದೂರದಲ್ಲಿ ಒಂದೇ ಸಮನೆ ಆ ಸದ್ದು. ನನಗೆ ಮಧ್ಯಾಹ್ನ ಕೇಳಿದ್ದೇ ಅನಿಸಿತು.

"ಮಧ್ಯಾಹ್ನಕ್ಕಿಂತ ಹೊಳೆ ಏರಿದೆ," ಎಂದರು ಮಾವ. ಒಳಗೆ ತಿರುಗಿ ಕೊನೆಗೌಡನಿಗೆ ಹೇಳಿದರು: "ಬೆಳಿಗ್ಗೆ ಸಂಕದ ಮೇಲೆ ಬರಬೇಡ ಮಾರಾಯ. ಮೇಲಿನ ದಾರಿಯಲ್ಲೇ ಬಾ."