ಅದು ವಿಷಗಾಳಿ ಅಲ್ಲ, ಮಕ್ಕಳ ಉಸಿರು

‘ಚಿತ್ರದುರ್ಗದ ಶಾಲೆಯಲ್ಲಿ ವಿಷಾನಿಲ, ಮೀಟರ್‌ನಲ್ಲಿ 1,840!’ ಅಂತ ಒಂದು ಫೋಟೋ ಎರಡು ದಿನದಿಂದ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಆ ಮೀಟರ್ ತಂದು ಮೇಜಿನ ಮೇಲಿಟ್ಟವನು ನಾನೇ. ಹಾಗಾಗಿ ಹೇಳಲೇಬೇಕಾಯಿತು.

ಅದು ಅಳೆಯುವುದು ಕಾರ್ಬನ್ ಡೈಆಕ್ಸೈಡ್, ಅಂದರೆ ನಾವೆಲ್ಲ ಹೊರಗೆ ಬಿಡುವ ಉಸಿರಿನಲ್ಲಿರುವ ಅನಿಲವನ್ನು. ಜೀವ ತೆಗೆಯುವ ಕಾರ್ಬನ್ ಮಾನಾಕ್ಸೈಡ್ ಬೇರೆ. ಈ ಮೀಟರ್ ಅದನ್ನು ತೋರಿಸುವುದೇ ಇಲ್ಲ. ಬಯಲಿನ ಗಾಳಿಯಲ್ಲೇ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಪಾಲು ಇರುತ್ತದೆ. ಮೀಟರ್‌ನ 1,840 ಕೂಡ ಇದೇ ಲೆಕ್ಕದ್ದು. ಎಂಟು ಗಂಟೆ ಕೆಲಸದ ಜಾಗಕ್ಕೆ ಸಾಮಾನ್ಯವಾಗಿ ಒಪ್ಪಿರುವ ಮಿತಿ 5,000.

ಆವತ್ತು ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಗಾಳಿ ಜೋರಿತ್ತು. ದೂಳು ಬರುತ್ತೆ ಅಂತ ಕಿಟಕಿ ಎಲ್ಲಾ ಮುಚ್ಚಿದ್ದರು. ಒಳಗೆ 42 ಮಕ್ಕಳು. ಏರದೆ ಇರುತ್ತಾ? ಎದುರುಬದುರಿನ ಎರಡು ಕಿಟಕಿ ತೆಗೆದೆವು, ಹತ್ತು ನಿಮಿಷಕ್ಕೆ 700ಕ್ಕೆ ಬಂತು. ಆ ಫೋಟೋ ಮಾತ್ರ ಯಾರೂ ಕಳಿಸಲಿಲ್ಲ ನೋಡಿ.

ಹಾಗಂತ 1,840 ಒಳ್ಳೇದು ಅಂತಲ್ಲ. ಕೋಣೆಯಲ್ಲಿ ಗಾಳಿ ಆಡುತ್ತಿಲ್ಲ ಅಂತ ಅರ್ಥ. ಹಿಂದಿನ ಬೆಂಚಿನವರು ಆಕಳಿಸುತ್ತಿದ್ದುದು ಬರೀ ಗಣಿತದಿಂದ ಅಲ್ಲ! ಇನ್ನೊಂದು, ಮೀಟರನ್ನು ಮುಖದ ಹತ್ತಿರ ಹಿಡಿದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಎರಡು-ಮೂರು ಮೊಳ ದೂರ ಇಟ್ಟು, ಐದು ನಿಮಿಷ ಬಿಟ್ಟು ನೋಡಿ.